ದೇಹದೊಳಗಿನ ಯಂತ್ರಕ್ಕೆ ಕಲಾಯಿ

ಹಿಂದೆ ಹುಬ್ಬಳ್ಳಿ-ಧಾರವಾಡಗಳ ಓಣಿಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಕಲಾಯಿಗಾರನ ಕೂಗು ಕೇಳಿಬರುತ್ತಿತ್ತು. ಅವನು ನೆಲದಲ್ಲಿ ಸಣ್ಣ ಕುಣಿ ತೋಡಿ, ತಿದಿಯೊತ್ತಿ, ಕೆಂಡದ ಮೇಲೆ ತಾಮ್ರ ಹಿತ್ತಾಳೆಗಳ ಪಾತ್ರೆಗಳನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಮುಟ್ಟಿಸಿ, ಅರಳೆಯಿಂದ ಒಮ್ಮೆ ಉಜ್ಜಿದನೆಂದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ತೆಳುವಾದ ತವರದ ಪದರ ಮಾಡುತ್ತಿದ್ದ ಕೆಲಸ ಒಂದಲ್ಲ, ಎರಡು. ಹುಣಸೆಹುಳಿಯ ಸಾರು ತಾಮ್ರವನ್ನು ತಿನ್ನದಂತೆ ಅದು ಪಾತ್ರೆಯನ್ನು ಕಾಯುತ್ತಿತ್ತು. ತಾಮ್ರದ ಕಿಲುಬು ಸಾರಿನಲ್ಲಿ ಇಳಿಯದಂತೆ ಉಣ್ಣುವವರನ್ನೂ ಕಾಯುತ್ತಿತ್ತು.

ಇಂಥದೇ ಕಲಾಯಿಯ ಪ್ರಶ್ನೆ ಇಂದು ವೈದ್ಯಶಾಸ್ತ್ರದ ಮುಂದೆ ಹೊಸ ರೂಪದಲ್ಲಿ ಬಂದು ನಿಂತಿದೆ. ಮನುಷ್ಯನ ದೇಹದೊಳಗೆ ಕುಳಿತು, ರಕ್ತದ ಒತ್ತಡವನ್ನೋ ಸಕ್ಕರೆಯ ಪ್ರಮಾಣವನ್ನೋ ಅಳೆದು ಹೊರಗೆ ತಿಳಿಸುವ ಪುಟ್ಟ ಉಪಕರಣಗಳು ಬಳಕೆಗೆ ಬಂದಿವೆ. ಇವುಗಳಿಗೆ ಸಂವೇದಕಗಳೆಂದು ಹೆಸರು. ಇವುಗಳಲ್ಲಿ ಕೆಲವು ಬೆಂಕಿಕಡ್ಡಿಯ ಅರ್ಧದಷ್ಟೂ ಉದ್ದವಿಲ್ಲ. ಇವುಗಳ ಒಳಗಿರುವ ವಿದ್ಯುನ್ಮಂಡಲವು ಎಷ್ಟೇ ಚತುರವಾಗಿರಲಿ, ಅದು ಎಷ್ಟು ಕಾಲ ಬಾಳುತ್ತದೆ, ಎಷ್ಟು ಕಾಲ ಸತ್ಯವನ್ನು ಹೇಳುತ್ತದೆ ಎಂಬುದು ಅದರ ಮೇಲಿನ ಲೇಪವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಲೇಪ ಹೇಗಿರಬೇಕು? ಉಪಕರಣವು ಚಿಕ್ಕದಾದಷ್ಟೂ ಲೇಪದ ಕೆಲಸ ಏಕೆ ಕಠಿನವಾಗುತ್ತದೆ? ಇದನ್ನು ಈ ಲೇಖನದಲ್ಲಿ ನೋಡೋಣ.

ಒಳಗಿನ ಕಡಲು

ನಮ್ಮ ದೇಹವು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಅದೊಂದು ಬೆಚ್ಚನೆಯ ಉಪ್ಪುನೀರಿನ ಕಡಲು. ಅದರ ಉಷ್ಣತೆ ೩೭ ಡಿಗ್ರಿ ಸೆಲ್ಸಿಯಸ್. ರೋಗಿಗೆ ಹನಿಹನಿಯಾಗಿ ಕೊಡುವ ಸಲೈನ್ ನೀರಿನಲ್ಲಿ ಲೀಟರಿಗೆ ೯ ಗ್ರಾಂ ಉಪ್ಪಿರುವುದು ಏಕೆ ಬಲ್ಲಿರಾ? ಅದು ರಕ್ತದ ದ್ರವಕ್ಕೆ ಹೊಂದಿಕೊಳ್ಳಲೆಂದು. ಒಂದು ಕಬ್ಬಿಣದ ಮೊಳೆಯನ್ನು ಅಂಥ ನೀರಿನಲ್ಲಿ ಇಟ್ಟು ನಾಲ್ಕು ದಿನ ಕಾದರೆ ಅದರ ಗತಿಯೇನಾಗುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯವೇ.

ಮೊಳೆಗಿಂತ ವಿದ್ಯುನ್ಮಂಡಲದ ಸ್ಥಿತಿ ಇನ್ನೂ ನಾಜೂಕಾದುದು. ಅದರಲ್ಲಿ ಲೋಹದ ಗೆರೆಗಳು ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಅಕ್ಕಪಕ್ಕ ಇರುತ್ತವೆ; ಅವುಗಳ ನಡುವೆ ಒಂದೆರಡು ವೋಲ್ಟುಗಳ ವ್ಯತ್ಯಾಸವಿರುತ್ತದೆ. ಈ ಗೆರೆಗಳ ಮೇಲೆ ಉಪ್ಪುನೀರಿನ ತೆಳು ಪೊರೆಯೊಂದು ಹರಡಿತೆಂದರೆ ಅಲ್ಲಿ ವಿದ್ಯುದ್ವಿಭಜನೆ ಮೊದಲಾಗುತ್ತದೆ. ಒಂದು ಗೆರೆಯ ಲೋಹ ಕರಗುತ್ತದೆ. ಹೋಗಬಾರದ ದಾರಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅಷ್ಟೇ ಅಲ್ಲದೆ, ಕರಗಿದ ತಾಮ್ರ, ಬೆಳ್ಳಿ ಮುಂತಾದ ಲೋಹಗಳ ಅಯಾನುಗಳು ಸುತ್ತಲಿನ ಜೀವಕೋಶಗಳಿಗೆ ವಿಷವಾಗುತ್ತವೆ. ಕಲಾಯಿಯ ಎರಡು ಕೆಲಸಗಳು ಇಲ್ಲಿಯೂ ಇವೆಯೆಂಬುದನ್ನು ವಾಚಕರು ಗಮನಿಸಬೇಕು: ಯಂತ್ರವನ್ನು ದೇಹದಿಂದ ಕಾಯುವುದು, ದೇಹವನ್ನು ಯಂತ್ರದಿಂದ ಕಾಯುವುದು.

ಆದರೆ ಸಾರಿಗೂ ದೇಹಕ್ಕೂ ಒಂದು ದೊಡ್ಡ ಭೇದವುಂಟು. ಸಾರು ಪಾತ್ರೆಯನ್ನು ಪರೀಕ್ಷಿಸುವುದಿಲ್ಲ; ದೇಹ ಪರೀಕ್ಷಿಸುತ್ತದೆ. ಹೊರಗಿನ ವಸ್ತು ಒಳಬಂದ ಕೆಲವೇ ಕ್ಷಣಗಳಲ್ಲಿ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ. ಅನಂತರದ ದಿನಗಳಲ್ಲಿ ಭಕ್ಷಕ ಕೋಶಗಳು ಬಂದು, ನುಂಗಲಾರದಷ್ಟು ದೊಡ್ಡ ವಸ್ತುವನ್ನು ಕಂಡರೆ ಹಲವು ಒಂದಾಗಿ ಕೂಡಿ ದೈತ್ಯಕೋಶಗಳಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡಿನಂಥ ತೀಕ್ಷ್ಣ ದ್ರವ್ಯಗಳನ್ನು ಅದರ ಮೇಲೆ ಸುರಿಸುತ್ತವೆ. ಕೆಲವು ವಾರಗಳಲ್ಲಿ ನಾರಿನಂಥ ಕೊಲಾಜೆನ್ನಿನ ಗೋಡೆಯೊಂದು ವಸ್ತುವಿನ ಸುತ್ತ ಎದ್ದುನಿಲ್ಲುತ್ತದೆ. ಇದು ದೇಹದ ಸಹಜ ಧರ್ಮ. ಮುಳ್ಳು ನೆಟ್ಟಾಗ ನಮ್ಮನ್ನು ಕಾಪಾಡುವುದೂ ಇದೇ.

ಮುಲಾಮಿನ ಡಬ್ಬಿಯಿಂದ ಟೈಟಾನಿಯಂ ಕವಚಕ್ಕೆ

ಇಂದು ಹುಬ್ಬಳ್ಳಿ-ಧಾರವಾಡಗಳ ಆಸ್ಪತ್ರೆಗಳಲ್ಲಿಯೂ ರೋಗಿಯ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಡುವ ಚಿಕಿತ್ಸೆ ನಡೆಯುತ್ತಿದೆ. ಹೃದಯದ ಬಡಿತವು ತೀರ ನಿಧಾನವಾದಾಗ ಅದಕ್ಕೆ ವಿದ್ಯುತ್ತಿನ ಸಣ್ಣ ಪ್ರಚೋದನೆ ಕೊಡುವ ಯಂತ್ರವಿದು. ಪೂರ್ಣವಾಗಿ ದೇಹದೊಳಗೆ ಇಟ್ಟ ಮೊದಲನೆಯ ಪೇಸ್‌ಮೇಕರ್ ೧೯೫೮ರ ಅಕ್ಟೋಬರ್ ೮ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ದೊರೆಯಿತು. ಯಂತ್ರವನ್ನು ರಚಿಸಿದವರು ರೂನೆ ಎಲ್ಮ್‌ಕ್ವಿಸ್ಟ್; ಶಸ್ತ್ರಚಿಕಿತ್ಸೆ ಮಾಡಿದವರು ಓಕೆ ಸೆನಿಂಗ್. ವಿದ್ಯುನ್ಮಂಡಲಕ್ಕೆ ಹೊದಿಕೆಯಾಗಿ ಎಲ್ಮ್‌ಕ್ವಿಸ್ಟ್ ಬಳಸಿದ್ದು ಎಪಾಕ್ಸಿ ರಾಳ, ಅಂದರೆ ಮುರಿದ ಸಾಮಾನುಗಳನ್ನು ಅಂಟಿಸಲು ನಾವು ಉಪಯೋಗಿಸುವ ಅರಾಲ್ಡೈಟಿನ ಜಾತಿಯ ದ್ರವ್ಯ. ಅದನ್ನು ಎರಕಹೊಯ್ಯಲು ಅಚ್ಚಾಗಿ ಒದಗಿದ್ದು ಬೂಟಿಗೆ ಹಚ್ಚುವ ಮುಲಾಮಿನ ಡಬ್ಬಿ!

ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಿತು. ಬಳಿಕ ಇನ್ನೊಂದನ್ನು ಇಟ್ಟರು. ಲಾರ್ಸನ್ ಅವರು ತಮ್ಮ ಬಾಳಿನಲ್ಲಿ ಒಟ್ಟು ೨೬ ಪೇಸ್‌ಮೇಕರುಗಳನ್ನು ಧರಿಸಿ, ೨೦೦೧ರಲ್ಲಿ ತಮ್ಮ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲಿನ ವರ್ಷಗಳ ಪೇಸ್‌ಮೇಕರುಗಳನ್ನು ಕಾಡಿದ ಶತ್ರುಗಳಲ್ಲಿ ತೇವವು ಮುಖ್ಯವಾದುದು. ಎಪಾಕ್ಸಿಯು ಕಲ್ಲಿನಂತೆ ಗಟ್ಟಿಯಾಗಿದ್ದರೂ ನೀರಿನ ಆವಿ ಅದರೊಳಗೆ ನುಸುಳುತ್ತಿತ್ತು. ಹಾಗಾದರೆ ಲೋಹದ ಪೆಟ್ಟಿಗೆಯಲ್ಲಿ ಏಕೆ ಮುಚ್ಚಲಿಲ್ಲ? ಆಗಿನ ಪಾದರಸ-ಸತುವಿನ ಬ್ಯಾಟರಿಗಳು ಹೈಡ್ರೋಜನ್ ಅನಿಲವನ್ನು ಬಿಡುತ್ತಿದ್ದವು. ಭದ್ರವಾಗಿ ಮುಚ್ಚಿದರೆ ಅನಿಲಕ್ಕೆ ದಾರಿಯಿರುತ್ತಿರಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ಅನಿಲ ಬಿಡದ ಲಿಥಿಯಂ-ಅಯೊಡಿನ್ ಬ್ಯಾಟರಿ ಬಂದ ಮೇಲೆ ಟೈಟಾನಿಯಂ ಕವಚವನ್ನು ಸುತ್ತಲೂ ಬೆಸೆದು ಮುಚ್ಚುವುದು ಸಾಧ್ಯವಾಯಿತು. ಟೈಟಾನಿಯಂ ಲೋಹಕ್ಕೆ ಗಾಳಿ ತಾಗಿದೊಡನೆ ಅದರ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡಿನ ಪೊರೆ ತಾನಾಗಿಯೇ ಮೂಡುತ್ತದೆ. ದೇಹವು ಈ ಪೊರೆಯನ್ನು ಚೆನ್ನಾಗಿ ಸಹಿಸುತ್ತದೆ. ನಿಸರ್ಗವೇ ಹಾಕಿದ ಕಲಾಯಿಯಿದು!

ಆದರೆ ಸಂವೇದಕಗಳಿಗೆ ಈ ಪರಿಹಾರ ಪೂರ್ತಿಯಾಗಿ ಒದಗುವುದಿಲ್ಲ. ಬೆಸೆದ ಕವಚಕ್ಕೆ ಜಾಗ ಬೇಕು. ಅಕ್ಕಿಕಾಳಿನಷ್ಟು ಯಂತ್ರದಲ್ಲಿ ಜಾಗವೆಲ್ಲಿ? ಮೇಲಾಗಿ, ಪೂರ್ತಿ ಲೋಹದಿಂದ ಮುಚ್ಚಿದರೆ ರೇಡಿಯೋ ಅಲೆಗಳು ಒಳಹೋಗವು. ಆದುದರಿಂದ ತೆಳುವಾದ ಲೇಪಗಳಿಗೇ ಮತ್ತೆ ಮರಳಬೇಕಾಯಿತು.

ನೀರು ನುಸುಳುವ ಲೆಕ್ಕ

ಪ್ಲಾಸ್ಟಿಕ್ಕಿನಲ್ಲಿ ನೀರು ನುಸುಳುವುದೆಂದರೆ ಕಣ್ಣಿಗೆ ಕಾಣುವ ತೂತಿನಿಂದ ಸೋರುವುದಲ್ಲ. ಪ್ಲಾಸ್ಟಿಕ್, ರಬ್ಬರ್ ಮುಂತಾದ ಪಾಲಿಮರುಗಳು ಉದ್ದುದ್ದನೆಯ ಅಣುಸರಪಳಿಗಳ ಗೋಜಲು. ಸರಪಳಿಗಳು ಸದಾ ಕಂಪಿಸುತ್ತಿರುವುದರಿಂದ ಅವುಗಳ ನಡುವೆ ಕ್ಷಣಕಾಲ ಎಡೆಯೊಂದು ತೆರೆಯುತ್ತದೆ. ನೀರಿನ ಅಣು ಅದರಲ್ಲಿ ಜಿಗಿಯುತ್ತದೆ. ಮತ್ತೊಂದು ಎಡೆ ತೆರೆದಾಗ ಮತ್ತೆ ಜಿಗಿಯುತ್ತದೆ. ಜಾತ್ರೆಯ ಸಂದಣಿಯಲ್ಲಿ ಚಿಕ್ಕ ಹುಡುಗನು ದೊಡ್ಡವರ ನಡುವೆ ನುಸುಳಿ ಹೋಗುವಂತೆ ಅದರ ಪ್ರಯಾಣ. ಇದಕ್ಕೆ ವಿಸರಣವೆಂದು ಹೆಸರು.

ವಿಸರಣದ ಅಧ್ಯಯನಕ್ಕೆ ನಮ್ಮ ಧಾರವಾಡದಲ್ಲಿಯೇ ಒಳ್ಳೆಯ ಪರಂಪರೆಯುಂಟು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಅವರೂ ಅವರ ವಿದ್ಯಾರ್ಥಿಗಳೂ ಪಾಲಿಮರ್ ಪೊರೆಗಳಲ್ಲಿ ದ್ರವಗಳು ಹೇಗೆ ಹೀರಿಕೊಳ್ಳಲ್ಪಡುತ್ತವೆ, ಹೇಗೆ ಸಾಗುತ್ತವೆ ಎಂಬುದನ್ನು ವರ್ಷಾನುಗಟ್ಟಲೆ ಅಳೆದು ಪ್ರಕಟಿಸಿದ್ದಾರೆ. ದ್ರವಗಳನ್ನು ಬೇರ್ಪಡಿಸುವುದು, ಔಷಧವನ್ನು ಮೆಲ್ಲಗೆ ಬಿಡುಗಡೆ ಮಾಡುವುದು ಮುಂತಾದವು ಅವರ ಉದ್ದೇಶಗಳು; ಸಂವೇದಕದ ಲೇಪ ಅವರ ಗುರಿಯಾಗಿರಲಿಲ್ಲ. ಆದರೂ ಒಳಗಿನ ಭೌತಶಾಸ್ತ್ರ ಒಂದೇ. ಇಂಥ ಅಳತೆಯ ವಿಧಾನವು ಅತ್ಯಂತ ಸರಳವಾದುದು. ಪಾಲಿಮರಿನ ತುಂಡನ್ನು ತೂಗಿ ದ್ರವದಲ್ಲಿ ಮುಳುಗಿಸಬೇಕು. ಗೊತ್ತಾದ ಹೊತ್ತಿಗೆ ಹೊರತೆಗೆದು, ಮೇಲಿನ ದ್ರವವನ್ನು ಒರಸಿ, ಮತ್ತೆ ತೂಗಬೇಕು. ತೂಕದ ಹೆಚ್ಚಳವನ್ನು ಕಾಲದ ವರ್ಗಮೂಲದ ಎದುರಿಗೆ ಗುರುತಿಸಿದರೆ ಮೊದಮೊದಲು ಸರಳರೇಖೆ ಬರುತ್ತದೆ. ಆ ರೇಖೆಯ ಇಳಿಜಾರಿನಿಂದ ವಿಸರಣಾಂಕವು ದೊರೆಯುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು, ಒಂದಿಷ್ಟು ಸೀಮೆಎಣ್ಣೆ, ಕಾಲೇಜಿನ ಸೂಕ್ಷ್ಮ ತಕ್ಕಡಿ ಇವಿಷ್ಟಿದ್ದರೆ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಬೆಂಕಿಯು ಮಾತ್ರ ದೂರವಿರಲಿ.

ಈಗ ಒಂದು ಲೆಕ್ಕ. ಲೇಪದ ಒಂದು ಮೈಯಿಂದ ಹೊರಟ ನೀರು ಇನ್ನೊಂದು ಮೈಯಲ್ಲಿ ಕಾಣಿಸಿಕೊಳ್ಳಲು ಬೇಕಾಗುವ ಕಾಲವು, ಸ್ಥೂಲವಾಗಿ, ದಪ್ಪದ ವರ್ಗವನ್ನು ವಿಸರಣಾಂಕದ ಆರರಷ್ಟರಿಂದ ಭಾಗಿಸಿದಷ್ಟು. ಒಂದು ಪ್ಲಾಸ್ಟಿಕ್ಕಿನಲ್ಲಿ ನೀರಿನ ವಿಸರಣಾಂಕವು ಸೆಕೆಂಡಿಗೆ ಒಂದು ಚದರ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗವೆಂದು ಇಟ್ಟುಕೊಳ್ಳೋಣ. ಲೇಪವು ೧ ಮಿಲಿಮೀಟರ್ ದಪ್ಪವಿದ್ದರೆ ಈ ಕಾಲ ಸುಮಾರು ೪೬ ಗಂಟೆಗಳಾಗುತ್ತದೆ. ಅದೇ ಲೇಪವನ್ನು ೧೦ ಮೈಕ್ರೊಮೀಟರಿಗೆ ಇಳಿಸಿದರೆ? ದಪ್ಪವು ನೂರರಲ್ಲಿ ಒಂದಾಯಿತು. ಕಾಲವು ಹತ್ತು ಸಾವಿರದಲ್ಲಿ ಒಂದಾಗಿ, ಸುಮಾರು ೧೭ ಸೆಕೆಂಡುಗಳಿಗೆ ಇಳಿಯಿತು! ಯಂತ್ರವು ಚಿಕ್ಕದಾದಂತೆ ಲೇಪವೂ ತೆಳುವಾಗಬೇಕು. ತೆಳುವಾದಂತೆ ತಡೆಯುವ ಶಕ್ತಿ ಇಷ್ಟು ವೇಗವಾಗಿ ಕುಗ್ಗುತ್ತದೆ. ಕಿರಿದಾದ ಯಂತ್ರಕ್ಕೆ ಹಿರಿದಾದ ಕಷ್ಟವೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆರಳಿನ ಗುರುತು ಮಾಡುವ ಅನರ್ಥ

ಹಾಗಾದರೆ ತೆಳುವಾದ ಲೇಪವಿರುವ ಯಂತ್ರಗಳೆಲ್ಲ ಅರೆನಿಮಿಷದಲ್ಲಿ ಹಾಳಾಗಬೇಕಲ್ಲವೆ? ಹಾಗಾಗುವುದಿಲ್ಲ. ಬಿಡಿಬಿಡಿಯಾದ ನೀರಿನ ಅಣುಗಳು ಬಂದ ಮಾತ್ರಕ್ಕೆ ಅಪಾಯವಿಲ್ಲ. ಅವು ಒಂದೆಡೆ ಕೂಡಿ ಹನಿಯಾಗಿ, ಆ ಹನಿಯಲ್ಲಿ ಉಪ್ಪು ಸೇರಿದಾಗ ಕೆಡುಕು ಆರಂಭವಾಗುತ್ತದೆ. ಹನಿಗಟ್ಟಲು ಪೊಳ್ಳು ಜಾಗ ಬೇಕು. ಲೇಪವು ಯಂತ್ರದ ಮೈಗೆ ಎಲ್ಲಿಯೂ ಬಿಡದೆ ಕಚ್ಚಿಕೊಂಡಿದ್ದರೆ ಅಂಥ ಜಾಗವೇ ಇರುವುದಿಲ್ಲ.

ಮಳೆಗಾಲದಲ್ಲಿ ಧಾರವಾಡದ ಮನೆಗಳ ಗೋಡೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗೋಡೆಯೊಳಗೆ ಉಪ್ಪಿನಂಶವಿದ್ದಲ್ಲಿ ಬಣ್ಣವು ಗುಳ್ಳೆಗುಳ್ಳೆಯಾಗಿ ಉಬ್ಬಿ ಕಳಚಿಬೀಳುತ್ತದೆ. ಸಂವೇದಕಕ್ಕೆ ಲೇಪ ಹಾಕುವ ಮೊದಲು ಯಾರಾದರೂ ಬರಿಗೈಯಿಂದ ಮುಟ್ಟಿದರೆಂದು ಇಟ್ಟುಕೊಳ್ಳಿ. ಬೆರಳಿನ ಬೆವರಿನ ಉಪ್ಪು ಅಲ್ಲಿ ಉಳಿಯುತ್ತದೆ. ಲೇಪದ ಮೂಲಕ ಬಂದ ನೀರಿನಲ್ಲಿ ಅದು ಕರಗಿ ಗಾಢವಾದ ದ್ರಾವಣವಾಗುತ್ತದೆ. ಗಾಢ ದ್ರಾವಣವು ಅಭಿಸರಣದ ನಿಯಮದಂತೆ ಇನ್ನಷ್ಟು ನೀರನ್ನು ತನ್ನತ್ತ ಸೆಳೆಯುತ್ತದೆ. ಒತ್ತಡ ಹೆಚ್ಚಿ ಲೇಪವು ಮೇಲಕ್ಕೆ ಏಳುತ್ತದೆ. ಹೀಗೆ ಒಂದು ಬೆರಳಿನ ಗುರುತು ಇಡೀ ಯಂತ್ರವನ್ನು ಕೆಡಿಸಬಲ್ಲದು. ಕಲಾಯಿಗಾರನು ನವಸಾಗರವನ್ನು ಬಳಸುತ್ತಿದ್ದುದೂ ಲೋಹದ ಮೈಯನ್ನು ಶುಚಿಮಾಡಿ ತವರವು ಕಚ್ಚಿಕೊಳ್ಳುವಂತೆ ಮಾಡಲೆಂದೇ.

ಸಂದುಗೊಂದುಗಳಲ್ಲಿಯೂ ಸಮವಾಗಿ ಕೂಡುವ ಲೇಪಗಳಲ್ಲಿ ಪ್ಯಾರಿಲೀನ್ ಹೆಸರಾದುದು. ಇದನ್ನು ಕುಂಚದಿಂದ ಬಳಿಯುವುದಿಲ್ಲ. ಮೂಲದ್ರವ್ಯವನ್ನು ನಿರ್ವಾತದಲ್ಲಿ ಕಾಯಿಸಿ ಆವಿಮಾಡಿ, ಆ ಆವಿಯನ್ನು ಸುಮಾರು ೬೮೦ ಡಿಗ್ರಿಗೆ ಏರಿಸಿದಾಗ ಅದರ ಅಣುಗಳು ಎರಡಾಗಿ ಒಡೆಯುತ್ತವೆ. ಅವು ತಣ್ಣನೆಯ ಕೋಣೆಯಲ್ಲಿರುವ ಯಂತ್ರದ ಮೇಲೆ, ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆ, ಎಲ್ಲ ಕಡೆಗಳಿಂದಲೂ ಕೂಡಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ೧೯೬೫ರಿಂದ ಈ ಲೇಪ ಮಾರುಕಟ್ಟೆಯಲ್ಲಿದೆ. ಇನ್ನೊಂದು ವಿಧಾನದಲ್ಲಿ ಅಲ್ಯೂಮಿನಿಯಂ, ಹ್ಯಾಫ್ನಿಯಂ, ಟೈಟಾನಿಯಂಗಳ ಆಕ್ಸೈಡುಗಳನ್ನು ಒಂದೊಂದು ಸುತ್ತಿಗೆ ನ್ಯಾನೊಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ಕೂಡಿಸುತ್ತ ಹೋಗುತ್ತಾರೆ. ಇಂಥ ಆಕ್ಸೈಡು ಪಾಲಿಮರಿಗಿಂತ ಎಷ್ಟೋ ಚೆನ್ನಾಗಿ ನೀರನ್ನು ತಡೆಯುತ್ತದೆ. ಆದರೆ ಬಾಗಿದರೆ ಬಿರಿಯುತ್ತದೆ. ಅಲ್ಯೂಮಿನಿಯಂ ಆಕ್ಸೈಡಂತೂ ದೇಹದ್ರವದಲ್ಲಿ ಮೆಲ್ಲಗೆ ಕರಗುತ್ತದೆ. ಆದುದರಿಂದ ಆಕ್ಸೈಡಿನ ಮೇಲೆ ಪ್ಯಾರಿಲೀನನ್ನು ಹೊದಿಸಿ, ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಮಾಡುತ್ತಾರೆ.

ಮುಚ್ಚಿಯೂ ತೆರೆದಿರಬೇಕಾದ ಬಾಗಿಲು

ಇಲ್ಲಿಯವರೆಗೆ ಹೇಳಿದ್ದು ಮುಚ್ಚುವ ಮಾತು. ಆದರೆ ಸಂವೇದಕವನ್ನು ಪೂರ್ತಿ ಮುಚ್ಚಿದರೆ ಅದು ಅಳೆಯುವುದೇನನ್ನು? ಪೇಸ್‌ಮೇಕರು ಬಾಗಿಲು ಹಾಕಿಕೊಂಡು ಕೆಲಸ ಮಾಡಬಹುದು. ಸಂವೇದಕಕ್ಕೆ ಹೊರಗಿನ ಸುದ್ದಿ ಬೇಕು.

ಒತ್ತಡದ ಸಂವೇದಕದಲ್ಲಿ ಈ ತೊಡಕು ಕಡಿಮೆ. ೨೦೧೪ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕಾರ್ಡಿಯೋಮೆಮ್ಸ್ ಎಂಬ ಉಪಕರಣವನ್ನು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಕವಲಿನಲ್ಲಿ ಇಡುತ್ತಾರೆ. ಅದರ ಉದ್ದ ಸುಮಾರು ೧೫ ಮಿಲಿಮೀಟರ್. ಅದರಲ್ಲಿ ಬ್ಯಾಟರಿಯಿಲ್ಲ, ಸ್ಫಟಿಕಶಿಲೆಯಂಥ ಶುದ್ಧ ಗಾಜಿನೊಳಗೆ ಒಂದು ತಂತಿಯ ಸುರುಳಿ, ಒಂದು ವಿದ್ಯುತ್ ಧಾರಕ, ಮೇಲೆ ಸಿಲಿಕೋನಿನ ಲೇಪ. ರಕ್ತದ ಒತ್ತಡವು ಗಾಜಿನ ತೆಳುವಾದ ಭಾಗವನ್ನು ಒತ್ತಿದಾಗ ಧಾರಕದ ಫಲಕಗಳು ಸಮೀಪಿಸಿ, ಮಂಡಲದ ಅನುರಣನದ ಆವೃತ್ತಿ ಬದಲಾಗುತ್ತದೆ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟು ಅದನ್ನು ಗುರುತಿಸುತ್ತಾರೆ. ಧಾರಕತೆಯು ೨ ಶೇಕಡಾ ಹೆಚ್ಚಿದರೆ ಆವೃತ್ತಿ ೧ ಶೇಕಡಾ ಕುಗ್ಗುತ್ತದೆಂಬುದನ್ನು ವಿದ್ಯಾರ್ಥಿಗಳು ಸೂತ್ರದಿಂದ ಪಡೆಯಬಹುದು. ಇಲ್ಲಿ ಒಂದು ಸೂಕ್ಷ್ಮವುಂಟು. ಇಂಥ ಮಂಡಲದೊಳಗೆ ನೀರು ಹೊಕ್ಕರೂ ಧಾರಕತೆ ಬದಲಾಗುತ್ತದೆ. ಆಗ ಯಂತ್ರವು ನಿಲ್ಲುವುದಿಲ್ಲ; ತಪ್ಪು ಹೇಳತೊಡಗುತ್ತದೆ. ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲ. ಹತ್ತು ನಿಮಿಷ ಹಿಂದೆ ಬಿದ್ದ ಗಡಿಯಾರವನ್ನು ನಂಬಿ ಗಾಡಿ ತಪ್ಪಿಸಿಕೊಳ್ಳುತ್ತೇವೆ.

ಸಕ್ಕರೆಯ ಸಂವೇದಕದಲ್ಲಿ ಲೇಪದ ಪಾತ್ರ ಇನ್ನೂ ವಿಚಿತ್ರವಾದುದು. ಮಧುಮೇಹವು ಇಂದು ನಮ್ಮ ಎಷ್ಟೋ ಮನೆಗಳ ನಿತ್ಯದ ಚಿಂತೆ. ತಪ್ಪು ಅಳತೆಯನ್ನು ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ೧೯೬೨ರಲ್ಲಿ ಲೆಲಂಡ್ ಕ್ಲಾರ್ಕ್ ಸೂಚಿಸಿದ ಮಾರ್ಗದಲ್ಲಿ ಬೆಳೆದುಬಂದ ಸಂವೇದಕಗಳಲ್ಲಿ, ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಆಮ್ಲಜನಕದೊಡನೆ ಕೂಡಿಸಿ ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಅದನ್ನು ವಿದ್ಯುದಗ್ರದ ಮೇಲೆ ಅಳೆಯುತ್ತಾರೆ. ಆದರೆ ಚರ್ಮದ ಕೆಳಗಿನ ದ್ರವದಲ್ಲಿ ಗ್ಲೂಕೋಸಿನ ಅಣುಗಳು ಆಮ್ಲಜನಕದ ಅಣುಗಳಿಗಿಂತ ಹತ್ತಾರು ಪಟ್ಟು ಹೆಚ್ಚು. ಎರಡನ್ನೂ ಧಾರಾಳವಾಗಿ ಒಳಬಿಟ್ಟರೆ ಆಮ್ಲಜನಕ ಮೊದಲು ಮುಗಿದು, ಯಂತ್ರವು ಸಕ್ಕರೆಯ ಬದಲು ಆಮ್ಲಜನಕವನ್ನು ಅಳೆದಂತಾಗುತ್ತದೆ. ಆದುದರಿಂದ ದೊಡ್ಡದಾದ ಗ್ಲೂಕೋಸ್ ಅಣುವನ್ನು ತಡೆತಡೆದು, ಚಿಕ್ಕದಾದ ಆಮ್ಲಜನಕವನ್ನು ಸುಲಭವಾಗಿ ಬಿಡುವ ಪಾಲಿಮರ್ ಪೊರೆಯನ್ನು ಹೊದಿಸುತ್ತಾರೆ. ಇಲ್ಲಿ ಲೇಪವು ಗೋಡೆಯಲ್ಲ, ಬಾಗಿಲು ಕಾಯುವವನು. ಅಳತೆಯು ಸರಿಯಾಗುವುದೇ ಅದರಿಂದ.

ದೇಹದ ಸಮ್ಮತಿ

ಬಾಗಿಲು ಸರಿಯಾದರೂ ಅದರ ಮುಂದೆ ದೇಹವು ನಾರಿನ ಗೋಡೆ ಕಟ್ಟಿದರೆ ಸುದ್ದಿ ತಡವಾಗಿ ಬರುತ್ತದೆ, ಕೊನೆಗೆ ಬರುವುದೇ ಇಲ್ಲ. ದೇಹವು ಸುಮ್ಮನೆ ಸಹಿಸುವ ವಸ್ತುಗಳಿವೆಯೆ? ಇವೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಸಾವಿರಾರು ಜನರ ಕಣ್ಣಿನ ಪೊರೆಯನ್ನು ತೆಗೆಯುತ್ತಿದ್ದ ಕಾಲದಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಾಗಿತ್ತು. ಈಗ ಕಣ್ಣಿನೊಳಗೇ ಪ್ಲಾಸ್ಟಿಕ್ ಮಸೂರವನ್ನು ಇಡುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್ಟುಗಳ ಕಣ್ಣಿನಲ್ಲಿ ಸೇರಿದ ಅಕ್ರಿಲಿಕ್ ಚೂರುಗಳು ಹೆಚ್ಚಿನ ಉರಿಯೂತ ಮಾಡದಿದ್ದುದನ್ನು ಕಂಡು, ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ೧೯೪೯ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅದೇ ದ್ರವ್ಯದ ಮಸೂರವನ್ನು ಮೊದಲ ಸಲ ಇಟ್ಟರು.

ಅದೇ ಅಕ್ರಿಲಿಕ್ಕು ಇಂದು ಎವರ್‌ಸೆನ್ಸ್ ಎಂಬ ಸಕ್ಕರೆಯ ಸಂವೇದಕದ ಕವಚವಾಗಿದೆ. ತೋಳಿನ ಚರ್ಮದ ಕೆಳಗಿಡುವ ಈ ಪುಟ್ಟ ಕೊಳವೆಯ ಮೇಲೆ ನೀರುಂಡ ಮೆತ್ತನೆಯ ಜೆಲ್ಲಿನ ಪದರವಿದೆ; ಅದರಲ್ಲಿರುವ ದ್ರವ್ಯಕ್ಕೆ ಗ್ಲೂಕೋಸ್ ಅಂಟಿದಾಗ ಅದು ಸೂಸುವ ಬೆಳಕು ಬದಲಾಗುತ್ತದೆ. ದೇಹದ ಕೋಶಗಳು ಸುರಿಸುವ ಪೆರಾಕ್ಸೈಡು ಈ ದ್ರವ್ಯವನ್ನು ಕೆಡಿಸುತ್ತದೆ. ಅದನ್ನು ಒಡೆಯಲು ತೆಳುವಾದ ಪ್ಲಾಟಿನಂ ಲೇಪವಿದೆ. ಉರಿಯೂತವನ್ನು ತಗ್ಗಿಸುವ ಡೆಕ್ಸಮೆಥಸೋನ್ ಔಷಧವನ್ನು ಮೆಲ್ಲಗೆ ಬಿಡುವ ಉಂಗುರವೂ ಉಂಟು. ೨೦೧೮ರಲ್ಲಿ ಅಮೆರಿಕವು ಇದಕ್ಕೆ ೯೦ ದಿನಗಳ ಬಳಕೆಗೆ ಒಪ್ಪಿಗೆಯಿತ್ತಿತು. ೨೦೨೪ರಲ್ಲಿ ೩೬೫ ದಿನಗಳ ರೂಪಕ್ಕೆ ಒಪ್ಪಿಗೆ ದೊರೆಯಿತು. ಪಾಲಿಮರಿನಿಂದ ಔಷಧವನ್ನು ಅಳತೆಗೆ ತಕ್ಕಂತೆ ಬಿಡುಗಡೆ ಮಾಡುವ ಈ ವಿದ್ಯೆಯೂ ಧಾರವಾಡದ ಪ್ರಯೋಗಶಾಲೆಗಳಿಗೆ ಹೊಸದಲ್ಲವೆಂಬುದನ್ನು ಹಿಂದೆಯೇ ಹೇಳಿದೆ.

ಪರೀಕ್ಷೆ

ಹತ್ತು ವರ್ಷ ಬಾಳಬೇಕಾದ ಲೇಪವನ್ನು ಹತ್ತು ವರ್ಷ ಕಾದು ಪರೀಕ್ಷಿಸುವುದು ಕಷ್ಟ. ಆದುದರಿಂದ ಬಿಸಿ ಉಪ್ಪುನೀರಿನಲ್ಲಿ ಇಟ್ಟು ಕಾಲವನ್ನು ಓಡಿಸುತ್ತಾರೆ. ಉಷ್ಣತೆಯು ಪ್ರತಿ ೧೦ ಡಿಗ್ರಿ ಏರಿದಾಗ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲ ನಿಯಮ. ೩೭ರ ಬದಲು ೬೭ ಡಿಗ್ರಿಯಲ್ಲಿ ಇಟ್ಟರೆ ವೇಗವು ಎಂಟು ಮಡಿ. ವರ್ಷದ ಪರೀಕ್ಷೆ ಸುಮಾರು ೪೬ ದಿನಗಳಲ್ಲಿ ಮುಗಿಯುತ್ತದೆ. ಆದರೆ ಉಪ್ಪುನೀರಿನ ಪಾತ್ರೆಯಲ್ಲಿ ಬಿಳಿ ರಕ್ತಕಣಗಳಿಲ್ಲ, ಪ್ರೋಟೀನುಗಳಿಲ್ಲ, ಸ್ನಾಯುಗಳ ಚಲನೆಯಿಲ್ಲ. ಪಾತ್ರೆಯಲ್ಲಿ ಗೆದ್ದ ಲೇಪವು ದೇಹದಲ್ಲಿ ಸೋಲಬಹುದು. ಆದುದರಿಂದಲೇ ಜೀವಕೋಶಗಳ ಮೇಲೆ, ಪ್ರಾಣಿಗಳ ಮೇಲೆ, ಕಟ್ಟಕಡೆಗೆ ಒಪ್ಪಿಗೆಯಿತ್ತ ರೋಗಿಗಳ ಮೇಲೆ ಹಂತಹಂತವಾಗಿ ಪರೀಕ್ಷೆ ನಡೆಯಬೇಕು. ನಮ್ಮ ದೇಶದಲ್ಲಿ ೨೦೧೮ರ ಜನವರಿ ೧ರಿಂದ ಜಾರಿಗೆ ಬಂದ ವೈದ್ಯಕೀಯ ಉಪಕರಣಗಳ ನಿಯಮಗಳು ಉಪಕರಣಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿವೆ.

ಪಾತ್ರೆಯ ಕಲಾಯಿ ಸವೆದರೆ ಕಲಾಯಿಗಾರನನ್ನು ಮತ್ತೆ ಕರೆಯಬಹುದಾಗಿತ್ತು. ದೇಹದೊಳಗಿನ ಯಂತ್ರದ ಕಲಾಯಿ ಸವೆದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಅದು ಸವೆದುದೇ ತಿಳಿಯದಿದ್ದರೆ ಇನ್ನೂ ಕೆಡುಕು. ಈ ಕೆಲಸವನ್ನು ಭೌತಶಾಸ್ತ್ರಜ್ಞನೊಬ್ಬನೇ ಮಾಡಲಾರ, ರಸಾಯನಶಾಸ್ತ್ರಜ್ಞನೊಬ್ಬನೇ ಮಾಡಲಾರ, ವೈದ್ಯನೊಬ್ಬನೇ ಮಾಡಲಾರ. ವಿಸರಣದ ಲೆಕ್ಕ, ಪಾಲಿಮರಿನ ರಚನೆ, ಜೀವಕೋಶದ ನಡತೆ ಈ ಮೂರನ್ನೂ ಒಟ್ಟಿಗೆ ಕಲಿತವರು ಬೇಕಾಗಿದ್ದಾರೆ. ಸೈಕಲ್ ಟ್ಯೂಬಿನ ತುಂಡನ್ನು ತೂಗಿ ನೋಡುವ ವಿದ್ಯಾರ್ಥಿಯು ಆ ಮೂರರಲ್ಲಿ ಮೊದಲನೆಯದನ್ನು ಆರಂಭಿಸಿದಂತೆಯೇ ಸರಿ.